ಮಂಗಳವಾರ ಎರಡು ಗಂಟೆಗೆ ಬೀಳುವ ಯಂತ್ರ (ಕಂತು ಒಂಬತ್ತು)

ಏಳನೆಯ ಫೈಲು ತೆರೆದೆ. ಗಾಯ ಅದೇ ಜಾಗದಲ್ಲಿತ್ತು.

ಹೊಟ್ಟೆ ಹಸಿದಿತ್ತು, ಸೊಂಟ ಹಿಡಿದಿತ್ತು, ಆಸ್ಪತ್ರೆಯವರು ಕೂರಲು ಕೊಟ್ಟ ಸ್ಟೂಲಿಗೆ ಒಂದು ಕಾಲು ಗಿಡ್ಡ. ಆದರೂ ಕಣ್ಣು ಪರದೆಯಿಂದ ಕೀಳಲಾಗಲಿಲ್ಲ. ಕಂಪ್ಯೂಟರೊಂದು ಕುಸಿದು ಬೀಳುವಾಗ, ಆ ಕ್ಷಣ ತನ್ನ ತಲೆಯಲ್ಲಿದ್ದುದನ್ನೆಲ್ಲ ಒಂದು ಫೈಲಿಗೆ ಸುರಿದು ಬೀಳುತ್ತದೆ. ಅದನ್ನು ಓದುವುದೇ ನನ್ನ ಕಸುಬು. ಅದಕ್ಕೇ ಇಲ್ಲಿನವರು ನನಗೆ ಪೋಸ್ಟ್‌ಮಾರ್ಟಂ ಮೇಡಂ ಎಂದು ಹೆಸರಿಟ್ಟಿದ್ದಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಹೆಸರು ಹಿಡಿದು ಕೂಗಿದರೆ ಬೆಂಚಿನ ಮೇಲಿರುವ ರೋಗಿಗಳ ಎದೆ ಎಷ್ಟು ಸಲ ನಿಂತು ಹೊಡೆದುಕೊಳ್ಳುತ್ತದೆ ಎಂಬುದು ಈ ಬುದ್ಧಿವಂತರಿಗೆ ಹೊಳೆದಂತಿಲ್ಲ.

ಹಿಂದಿನ ಕಂತು ಕೈತಪ್ಪಿದವರಿಗೆ ಒಂದೇ ಮಾತು: ಹನ್ನೊಂದು ವಾರಗಳಲ್ಲಿ ಏಳು ಮಂಗಳವಾರ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ, ಇಲ್ಲಿನ ಲ್ಯಾಬ್ ವರದಿಗಳ ಕಂಪ್ಯೂಟರ್ ಬಿದ್ದಿದೆ, ಬೇಕೆಂದೇ ಬೀಳಿಸಿದವರು ನನ್ನ ಅಕ್ಕನ ಗಂಡ ಎಂದು ಎಲ್ಲರೂ ನಂಬಿದ್ದಾರೆ, ಇವತ್ತು ನಾಲ್ಕು ಗಂಟೆಗೆ ಸಮಿತಿ ಕೂತು ಅವರನ್ನು ಮನೆಗೆ ಕಳಿಸಿ, ಪೊಲೀಸರಿಗೆ ದೂರು ಕೊಡಲಿದೆ.

ಭಾವ ಈ ಯಂತ್ರಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಒಂದು ವಾರದಿಂದ ಒಳಗೆ ಬಿಟ್ಟಿಲ್ಲ. ಈಗ ಹೊರಗೆ ಬೆಂಚಿನ ಮೇಲೆ, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ನಾನು ಅವರ ನಾದಿನಿ ಎಂದು ಗೊತ್ತಿದ್ದೂ ಆಸ್ಪತ್ರೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಡಾಕ್ಟರು, ನನ್ನನ್ನೇ ಕರೆಸಿದರು. ಈ ಫೈಲುಗಳನ್ನು ಓದಬಲ್ಲವರು ಊರಲ್ಲಿ ಬೇರೆ ಯಾರೂ ಇಲ್ಲ, ಸುಳ್ಳು ಹೇಳಿದರೆ ಮುಖ ನೋಡಿಯೇ ಹಿಡಿಯುತ್ತೇನೆ ಎಂದು ಅವರು ಮೊದಲ ದಿನವೇ ಎಚ್ಚರಿಸಿದ್ದರು. ಹಿಡಿಯುತ್ತಾರೆ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ.

ಗಾಯ ಏನು ಹೇಳುತ್ತಿತ್ತು? ಲ್ಯಾಬ್ ಕಂಪ್ಯೂಟರ್ ದಿನಾ ಎರಡು ಗಂಟೆಗೆ ಆ ದಿನದ ವರದಿಗಳನ್ನೆಲ್ಲ ಕಟ್ಟಿ, ಮುದ್ರೆ ಹಾಕಿ ಹೊರಗಿನ ಕ್ಲಿನಿಕ್ಕುಗಳಿಗೆ ಕಳಿಸುತ್ತದೆ. ಮುದ್ರೆ ಹಾಕುವ ಆ ಕೆಲಸಕ್ಕೆ ಪ್ರೊಸೆಸರಿಗೆ ಒಂದು ಆಜ್ಞೆ ಕೊಡುತ್ತದೆ. ಪ್ರೊಸೆಸರು, ಇಂಥ ಆಜ್ಞೆ ನಾನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ ಎಂದಿದೆ. ಅಲ್ಲಿಗೆ ಕಂಪ್ಯೂಟರ್ ದೊಪ್ಪನೆ ಬಿದ್ದಿದೆ. ಏಳು ಸಲವೂ ಅದೇ ಆಜ್ಞೆ, ಅದೇ ಉತ್ತರ.

ಆದರೆ ಸೋಮವಾರ ಅದೇ ಮುದ್ರೆಯ ಕೆಲಸ ಕೊಟ್ಟರೆ ಚಕಾರವೆತ್ತದೆ ಮಾಡಿದೆ. ಬುಧವಾರವೂ ಮಾಡಿದೆ. ಪ್ರೊಸೆಸರಿಗೆ ಮಂಗಳವಾರಕ್ಕೊಮ್ಮೆ ಮರೆವು ಬರುತ್ತದೆಯೇ? ನನಗೆ ಬರುತ್ತದೆ, ಮರಳಿನಿಂದ ಮಾಡಿದ ಚಿಪ್‌ಗೆ ಬರುವುದಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಲ್ಯಾಬ್ ಕಂಪ್ಯೂಟರ್ ಎಂದರೆ ಕೈಯಲ್ಲಿ ಮುಟ್ಟುವ ಡಬ್ಬಿಯಲ್ಲ. ಯಂತ್ರಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಎರಡು ದೊಡ್ಡ ಯಂತ್ರಗಳಿವೆ. ಒಂದೊಂದರ ಒಳಗೂ ಹತ್ತಾರು ಮಾಯಾ ಕಂಪ್ಯೂಟರುಗಳು ಬಾಡಿಗೆಗಿವೆ. ಔಷಧಿ ಅಂಗಡಿಯದು ಒಂದು, ಎಕ್ಸ್‌ರೇಯದು ಒಂದು, ಲ್ಯಾಬಿನದು ಒಂದು. ಪ್ರತಿಯೊಂದೂ ಇಡೀ ಮನೆ ತನ್ನದೇ ಎಂದುಕೊಂಡಿರುತ್ತದೆ. ಹಳೆಯ ದೊಡ್ಡ ಯಂತ್ರಕ್ಕೆ ಇಲ್ಲಿನವರು ಅತ್ತೆ ಎನ್ನುತ್ತಾರೆ, ಹೋದ ವರ್ಷ ಬಂದ ಹೊಸದಕ್ಕೆ ಸೊಸೆ. ಸೊಸೆಯನ್ನು ಕೂರಿಸುವಾಗ ನೆರವಿಗೆಂದು ನನಗೂ ಇಲ್ಲೊಂದು ಖಾತೆ ಕೊಟ್ಟಿದ್ದರು, ಅದನ್ನಿನ್ನೂ ತೆಗೆದಿಲ್ಲ. ಅತ್ತೆ ನಿಧಾನ, ಮಾತು ಕಡಿಮೆ. ಸೊಸೆ ಚುರುಕು, ಆದರೆ ಫ್ಯಾನಿನ ಸದ್ದು ಮೂರು ಮನೆಗೆ ಕೇಳುತ್ತದೆ. ಲ್ಯಾಬ್ ಕಂಪ್ಯೂಟರ್ ಸೊಸೆಯ ಬಾಡಿಗೆದಾರ.

ಒಂದು ಗಂಟೆಗೆ ಯಂತ್ರಕೋಣೆಯ ಮುಖ್ಯಸ್ಥರು ಊಟಕ್ಕೆ ಎದ್ದರು. ಸೊಂಟದಲ್ಲಿ ಸದಾ ಕೀ ಗೊಂಚಲು ಝಣಗುಟ್ಟುವುದರಿಂದ ಅವರಿಗೆ ಗೊಂಚಲು ಸಾಹೇಬರು ಎಂದೇ ಹೆಸರು. ಭಾವನ ಮೇಲೆ ದೂರು ಬರೆದವರು ಇವರೇ. ಏಳು ಮಂಗಳವಾರವೂ ಒಂದಕ್ಕೆ ಹತ್ತು ನಿಮಿಷವಿರುವಾಗ ಭಾವ ಒಳಗೆ ಬಂದಿರುವುದಕ್ಕೆ ಪುಸ್ತಕದಲ್ಲಿ ಸಹಿಯಿದೆ. ಭಾವ ರಜೆ ಹಾಕಿದ ನಾಲ್ಕು ಮಂಗಳವಾರ ಏನೂ ಬೀಳಲಿಲ್ಲ. ಯಾಕೆ ಹೋಗಿದ್ದೆ ಎಂದು ಕೇಳಿದರೆ ಭಾವನ ಬಾಯಿಗೆ ಹೊಲಿಗೆ. ಇಷ್ಟಾದ ಮೇಲೆ ಗೊಂಚಲು ಸಾಹೇಬರ ಜಾಗದಲ್ಲಿ ನಾನಿದ್ದರೂ ದೂರು ಬರೆಯುತ್ತಿದ್ದೆ. ಮನುಷ್ಯ ಕೆಟ್ಟವರಲ್ಲ, ಊಟ ಮಾತ್ರ ಒಂದೂವರೆ ಗಂಟೆ ಮಾಡುತ್ತಾರೆ.

ಅವರು ಹೋದ ಮೇಲೆ ಕೋಣೆಯಲ್ಲಿ ನಾನು, ಅತ್ತೆ, ಸೊಸೆ ಮೂವರೇ ಉಳಿದೆವು. ಸೊಸೆ ಬೊಬ್ಬೆ ಹಾಕುತ್ತಿದ್ದಳು. ಆ ಸದ್ದಿನ ನಡುವೆ ಪಕ್ಕದ ಗೋಡೆಯಿಂದ ಇನ್ನೊಂದು ಸದ್ದು ಬಂತು. ಪೀಂ ಎಂದು ಸಣ್ಣಗೆ ಒಂದು, ಸ್ವಲ್ಪ ಬಿಟ್ಟು ಇನ್ನೂ ಸಣ್ಣಗೆ ಇನ್ನೊಂದು. ಆಮೇಲೆ ನಿಂತೇ ಹೋಯಿತು.

ಬಾಗಿಲು ತಟ್ಟಿದರು. ಬಿಳಿ ಕೋಟು ಹಾಕಿದ ತೆಳ್ಳನೆಯ ಹೆಂಗಸು, ಮುಖದಲ್ಲಿ ಸಂಕೋಚ. ಪಕ್ಕದ ಕೋಣೆಯಲ್ಲಿ ಮಂಗಳವಾರ ಮಧ್ಯಾಹ್ನ ಮಕ್ಕಳ ಕಿವಿ ಪರೀಕ್ಷೆ ಮಾಡುವವರು. ನನ್ನನ್ನು ಹೊಸ ಸಿಬ್ಬಂದಿ ಎಂದುಕೊಂಡರು.

"ಮೇಡಂ, ಇವತ್ತು ಮಂಗಳವಾರ ಅಲ್ವಾ? ಈ ಹೊತ್ತಿಗೆ ಈ ಯಂತ್ರ ಸುಮ್ಮನಾಗಿಬಿಡ್ತಿತ್ತು. ಇವತ್ತು ಮಗುಗೆ ಏನೂ ಕೇಳಿಸ್ತಿಲ್ಲ. ಕಿವಿ ಮಂದವೋ, ಈ ಸದ್ದೋ, ನನಗೇ ಗೊತ್ತಾಗ್ತಿಲ್ಲ."

ನನ್ನ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. ಹೆಕ್ಕಿಕೊಳ್ಳಲಿಲ್ಲ. ಯಾರು ಸುಮ್ಮನಾಗಿಸುತ್ತಿದ್ದರು ಎಂದು ಕೇಳಿದೆ. ಆಕೆ ಕಾರಿಡಾರಿನ ಬೆಂಚಿನ ಕಡೆ ಒಮ್ಮೆ ನೋಡಿ, ತಪ್ಪು ಮಾಡಿದವರಂತೆ ತುಟಿ ಕಚ್ಚಿಕೊಂಡರು. ಏನೂ ಹೇಳಬೇಕಾಗಿಯೇ ಇರಲಿಲ್ಲ.

ನಾನು ಹೊರಗೆ ಹೋಗಿ ಭಾವನ ತೋಳು ಹಿಡಿದು ಎಬ್ಬಿಸಿ, ಮೆಟ್ಟಿಲ ಕೆಳಗಿನ ಮೂಲೆಗೆ ಎಳೆದುಕೊಂಡು ಹೋದೆ. ಪರಕೆ, ಬಕೆಟ್ಟುಗಳ ನಡುವೆ ಇಬ್ಬರೂ ನಿಂತೆವು. ನನಗೆ ಸಿಟ್ಟು ಬಂದಿತ್ತು.

"ಭಾವ, ಮಂಗಳವಾರ ಒಂದು ಗಂಟೆಗೆ ಲ್ಯಾಬ್ ಕಂಪ್ಯೂಟರನ್ನ ಸೊಸೆಯಿಂದ ಅತ್ತೆಗೆ ದಾಟಿಸ್ತಿದ್ರಾ, ಇಲ್ವಾ?"

ಅವರು ಬಕೆಟ್ಟನ್ನೇ ನೋಡುತ್ತ ನಿಂತರು.

"ನಾಲ್ಕು ಗಂಟೆಗೆ ನಿಮ್ಮ ಕೆಲಸ ಹೋಗುತ್ತೆ. ಐದಕ್ಕೆ ಪೊಲೀಸರು ಬರ್ತಾರೆ. ಅಕ್ಕಂಗೆ ನಾನು ಏನು ಹೇಳಲಿ? ನಿನ್ನ ಗಂಡ ಬಕೆಟ್ ನೋಡ್ತಾ ನಿಂತಿದ್ರು ಅಂತ ಹೇಳಲಾ?"

"ಮೆಲ್ಲಗೆ ಮಾತಾಡಮ್ಮ," ಎಂದರು ಭಾವ.

"ಮೆಲ್ಲಗೆ ಮಾತಾಡಲ್ಲ. ದಾಟಿಸ್ತಿದ್ರಾ?"

"ದಾಟಿಸ್ತಿದ್ದೆ," ಎಂದರು ಕೊನೆಗೆ. "ಆ ಲ್ಯಾಬಿನದೊಂದು ಇಳಿದರೆ ಸಾಕು, ಸೊಸೆ ಫ್ಯಾನು ತಣ್ಣಗಾಗುತ್ತೆ. ಮಕ್ಕಳ ಪರೀಕ್ಷೆ ಮುಗಿಯೋವರೆಗೆ ಅಷ್ಟೇ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ? ಒಂದಕ್ಕೆ ದಾಟಿಸಿದರೆ ಒಂದು ಗಂಟೆ ಪೂರ್ತಿ ಚೆನ್ನಾಗೇ ಓಡ್ತಿತ್ತು. ಬೀಳ್ತಿದ್ದಿದ್ದು ಎರಡಕ್ಕೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂದ್ಕೊಂಡೆ."

"ಬಿದ್ದ ಮೇಲೆ?"

"ಗಾಬರಿಯಾಗಿ ಸೊಸೆ ಕಡೆಗೇ ವಾಪಸ್ ಕಳಿಸಿಬಿಡ್ತಿದ್ದೆ. ಸಾಹೇಬರು ಊಟ ಮುಗಿಸಿ ಬರೋಷ್ಟರಲ್ಲಿ ಎಲ್ಲಾ ಇದ್ದ ಜಾಗದಲ್ಲೇ ಇರ್ತಿತ್ತು."

ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಬಾಡಿಗೆದಾರರ ಓಡಾಟದ ದಾಖಲೆಯನ್ನು ಜಾಗ ಉಳಿಸಲು ಒಂದು ದಿನ ಮಾತ್ರ ಇಟ್ಟುಕೊಳ್ಳುವುದು ಇಲ್ಲಿನ ಪದ್ಧತಿ. ಗೊಂಚಲು ಸಾಹೇಬರು ಗುರುವಾರ ಹುಡುಕಲು ಕೂರುವಷ್ಟರಲ್ಲಿ ಅದು ಅಳಿಸಿಹೋಗಿರುತ್ತಿತ್ತು. ಬಿದ್ದವನ ಒಳಗೆ ಹುಡುಕಿದರು, ಅವನಿದ್ದ ಮನೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನೂ ಎರಡು ದಿನ ನೋಡಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಇಷ್ಟನ್ನು ಮೊದಲ ದಿನವೇ ಹೇಳಲು ಏನು ಧಾಡಿ ಎಂದು ಕೇಳಿದೆ. ಕಿವಿ ಪರೀಕ್ಷೆಯವರದು ಹಂಗಾಮಿ ಕೆಲಸವಂತೆ, ಮುಂದುವರಿಸಬೇಕೋ ಬೇಡವೋ ಎಂದು ಈ ತಿಂಗಳೇ ತೀರ್ಮಾನವಂತೆ. ಸಾಹೇಬರ ಸಹಿಯಿಲ್ಲದೆ ಬಾಡಿಗೆದಾರರನ್ನು ಅಲುಗಿಸಬಾರದು ಎಂದು ಗೋಡೆಯ ಮೇಲೆ ನೋಟಿಸ್ ಇದೆ. ಹೇಳಿದರೆ ಆಕೆಯ ಹೆಸರೂ ಬರುತ್ತದೆ.

"ಎರಡು ವರ್ಷದ ಕೂಸು ತಂದು ಕೂರಿಸಿರ್ತಾರೆ ಕಣಮ್ಮ. ಈ ಸದ್ದಲ್ಲಿ ಅದಕ್ಕೆ ಕಿವಿ ಕೇಳಲ್ಲ ಅಂತ ಬರೆದುಬಿಟ್ರೆ?"

ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಆದರೂ ಮಾಡಿಕೊಂಡೆ. ಊರಿಗೆ ಉಪಕಾರ ಮಾಡಲು ಹೋಗಿ ಹೆಂಡತಿಯನ್ನು ಏಳು ದಿನ ನಿದ್ದೆಗೆಡಿಸಿದ್ದೀರಿ ಎಂದು ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮಂಗಳವಾರ ಬೆಳಿಗ್ಗೆ ಲ್ಯಾಬ್ ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸುತ್ತಿದ್ದಿರಾ ಎಂದೆ. ಭಾವನ ಮುಖದಲ್ಲಿ ಒಂದು ಚೂರು ಹೆಮ್ಮೆ ಕಾಣಿಸಿತು. ಎಂಟು ಗಂಟೆಗೆ, ತಪ್ಪದೆ. ಹಳೆಯ ಕಾಲದ ಕಂಪ್ಯೂಟರುಗಳು ವಾರಕ್ಕೊಮ್ಮೆ ಆರಿಸಿ ಹೊತ್ತಿಸದಿದ್ದರೆ ಜಡವಾಗುತ್ತಿದ್ದವು, ಆ ಅಭ್ಯಾಸವನ್ನು ಅವರು ಬಿಟ್ಟಿರಲಿಲ್ಲ. ಅವರು ರಜೆ ಹಾಕಿದರೆ ಆ ಕೆಲಸ ಯಾರೂ ಮಾಡುತ್ತಿರಲಿಲ್ಲ.

ನಾನು ಅಲ್ಲೇ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗು ಬರುತ್ತಿತ್ತು.

ಮಾಯಾ ಕಂಪ್ಯೂಟರ್ ಎದ್ದಾಗ ಒಂದು ಸಲ ಮಾತ್ರ ಮನೆಯನ್ನೆಲ್ಲ ಸುತ್ತಿ ನೋಡುತ್ತದೆ. ಏನೇನಿದೆ, ಎಲ್ಲೆಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಮತ್ತೆ ನೋಡುವುದಿಲ್ಲ. ಸೊಸೆಯ ಮನೆಯಲ್ಲಿ ಎದ್ದು, ಬಿಸಿನೀರಿನ ನಲ್ಲಿ ಇದೆ ಎಂದು ಬರೆದುಕೊಂಡಿತು. ಒಂದು ಗಂಟೆಗೆ ಭಾವ ಅದಕ್ಕೇ ಗೊತ್ತಾಗದಂತೆ ಅತ್ತೆಯ ಮನೆಗೆ ಎತ್ತಿಟ್ಟರು. ಎರಡಕ್ಕೆ ಬಿಸಿನೀರು ಬೇಕಾಗಿ ಕೈ ಚಾಚಿದರೆ ಅಲ್ಲಿ ಬರೀ ಗೋಡೆ. ಅತ್ತೆಯ ಪ್ರೊಸೆಸರಿಗೆ ಆ ಹೊಸ ಆಜ್ಞೆ ಗೊತ್ತೇ ಇಲ್ಲ, ಅವಳ ಕಾಲದಲ್ಲಿ ಅದು ಹುಟ್ಟಿರಲಿಲ್ಲ. ಬಿದ್ದು, ಅತ್ತೆಯ ಮನೆಯಲ್ಲೇ ಎದ್ದ ಮೇಲೆ ನಲ್ಲಿ ಇಲ್ಲ ಎಂದು ಬರೆದುಕೊಳ್ಳುತ್ತದೆ, ಮುಂದಿನ ಮಂಗಳವಾರ ಭಾವ ಸೊಸೆಯ ಮನೆಯಲ್ಲಿ ಮತ್ತೆ ಎಬ್ಬಿಸುವವರೆಗೂ ತೊಂದರೆಯಿಲ್ಲ.

ಎರಡು ಒಳ್ಳೆಯ ಕೆಲಸಗಳು ಸೇರಿ ಒಂದು ಅಪರಾಧವಾಗಿದ್ದವು. ಭಾವನಂಥವರ ಕೈಯಲ್ಲಿ ಮಾತ್ರ ಇದು ಸಾಧ್ಯ.

ಎರಡು ಗಂಟೆ ಕಳೆಯಿತು. ಲ್ಯಾಬ್ ಕಂಪ್ಯೂಟರ್ ಬೀಳಲಿಲ್ಲ. ಎರಡೂವರೆಗೆ ಝಣಝಣ ಎನ್ನುತ್ತ ಬಂದ ಗೊಂಚಲು ಸಾಹೇಬರು ಪರದೆ ನೋಡಿ, ನನ್ನ ಮುಖ ನೋಡಿ, ತುಸು ಬೇಸರದಿಂದಲೇ ಹೇಳಿದರು. "ನೋಡಿದ್ರಾ ಮೇಡಂ. ಅವರು ಒಳಗಿಲ್ಲದ ಮಂಗಳವಾರ ಏನೂ ಬೀಳಲ್ಲ."

"ಬೀಳಿಸಿ ತೋರಿಸ್ತೀನಿ, ಕೂತ್ಕೊಳ್ಳಿ," ಎಂದೆ. ಕುಂಟು ಸ್ಟೂಲನ್ನು ಅವರಿಗೇ ಕೊಟ್ಟೆ.

ನಿಜವಾದ ಲ್ಯಾಬ್ ಕಂಪ್ಯೂಟರನ್ನು ಮುಟ್ಟಲಿಲ್ಲ. ಅದರ ಪಡಿಯಚ್ಚೊಂದನ್ನು ಮಾಡಿ, ಸೊಸೆಯ ಮನೆಯಲ್ಲಿ ಎಬ್ಬಿಸಿದೆ. ಸುಳ್ಳು ವರದಿಗಳ ಒಂದು ಕಟ್ಟು ಕೊಟ್ಟು ಮುದ್ರೆ ಹಾಕು ಎಂದೆ. ಹಾಕಿತು. ಅತ್ತೆಯ ಮನೆಗೆ ದಾಟಿಸಿದೆ. ಐದು ನಿಮಿಷ ಏನೂ ಆಗಲಿಲ್ಲ, ಗೊಂಚಲು ಸಾಹೇಬರು ಗಡಿಯಾರ ನೋಡಿಕೊಂಡರು. ಈಗ ಮತ್ತೆ ಮುದ್ರೆ ಹಾಕು ಎಂದೆ.

ಪರದೆ ನೀಲಿಯಾಯಿತು. ಎಂಟನೆಯ ಗಾಯ, ಅದೇ ಜಾಗದಲ್ಲಿ, ಅದೇ ಆಜ್ಞೆ.

ಇಷ್ಟು ಚೆಂದದ ಸಾವನ್ನು ನಾನು ನನ್ನ ಕಸುಬಿನಲ್ಲಿ ನೋಡಿರಲಿಲ್ಲ. ಗೊಂಚಲು ಸಾಹೇಬರು ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಿ ನೋಡಿದರು. ಮತ್ತೆ ಬಿತ್ತು. ಮೂರನೆಯ ಸಲ ಅತ್ತೆಯ ಮನೆಯಲ್ಲೇ ಎಬ್ಬಿಸಿ ಮಾಡಿದರು, ಬೀಳಲಿಲ್ಲ. ಆಮೇಲೆ ನಾನು ಹೇಳಿದಂತೆ, ತನಗೆ ಗೊತ್ತಿರುವ ಹೊಸ ವಿದ್ಯೆಯನ್ನು ಬಾಡಿಗೆದಾರರಿಗೆ ತೋರಿಸಿಕೊಳ್ಳಬೇಡ ಎಂದು ಸೊಸೆಗೆ ಒಂದು ನಿಯಮ ಹಾಕಿದರು. ಅತ್ತೆ ಎಷ್ಟು ಬಲ್ಲಳೋ ಸೊಸೆಯೂ ಅಷ್ಟೇ ಬಲ್ಲವಳಂತೆ ಇರಬೇಕು. ಆ ಮೇಲೆ ಅತ್ತಿಂದಿತ್ತ ಹತ್ತು ಸಲ ದಾಟಿಸಿದರೂ ಪಡಿಯಚ್ಚು ಕಲ್ಲಿನಂತೆ ನಿಂತಿತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾರಿಡಾರಿಗೆ ಹೋಗಿ ಭಾವನ ಎದುರು ನಿಂತು, ತಪ್ಪಾಯ್ತು ಮಾರಾಯರೇ ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಭಾವ ಅವರಿಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟರು. ಒಂದು ವಾರದಿಂದ ಮುಖ ತಪ್ಪಿಸಿಕೊಂಡಿದ್ದ ಇಬ್ಬರೂ ಫ್ಯಾನಿನ ಸದ್ದಿಗೆ ಏನು ಮಾಡಬಹುದೆಂದು ಮಾತಿಗೆ ಕೂತರು.

ನಾನು ಅಕ್ಕನಿಗೆ ಫೋನು ಮಾಡಿದೆ. ಎಲ್ಲಿಂದ ಶುರು ಮಾಡಲಿ ಎಂದು ತಡವರಿಸಿದೆ. ಅತ್ತ ಕಡೆಯಿಂದ ಅಕ್ಕ, ಏನಾಯ್ತು ಹೇಳೇ, ಬಾಯಿ ಬಿಡೇ ಎಂದು ಬೈಯತೊಡಗಿದ ಮೇಲೆ ಹೇಳಲು ಬಂತು. ಆಮೇಲೆ ಅವಳು, ಊಟ ಮಾಡಿದ್ಯಾ ಎಂದು ಕೇಳಿದಳು. ಹೋದ ಜೀವ ಬಂದ ಹಾಗಾಯಿತು ಎನ್ನುತ್ತಾರಲ್ಲ, ಅದೇನೆಂದು ಆ ಒಂದು ಪ್ರಶ್ನೆಯಲ್ಲಿ ನನಗೆ ಗೊತ್ತಾಯಿತು.

ನಾಲ್ಕು ಗಂಟೆಗೆ ಸಮಿತಿಯ ಕೋಣೆಯಲ್ಲಿ ಉದ್ದ ಮೇಜಿನ ಆಚೆ ದೊಡ್ಡ ಡಾಕ್ಟರು, ಈಚೆ ನನ್ನ ಲ್ಯಾಪ್‌ಟಾಪು, ನಾನು, ನನ್ನ ಕುರ್ಚಿಯ ಹಿಂದೆ ಭಾವ. ನಾನು ಎಲ್ಲವನ್ನೂ ಹೇಳಿದೆ, ಬಿಸಿನೀರಿನ ನಲ್ಲಿಯ ಸಮೇತ. ಗೊಂಚಲು ಸಾಹೇಬರು ಹೌದು ಎಂದು ಸಾಕ್ಷಿ ನುಡಿದರು. ದೊಡ್ಡ ಡಾಕ್ಟರು ಪೊಲೀಸರಿಗೆಂದು ಟೈಪು ಮಾಡಿಸಿಟ್ಟಿದ್ದ ದೂರನ್ನು ಎತ್ತಿಕೊಂಡು, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಹರಿದರು. ನೋಟಿಸ್ ಮೀರಿದ್ದಕ್ಕೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ನಾಳೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹಾಜರಾಗಬೇಕು. ಕಿವಿ ಪರೀಕ್ಷೆಯನ್ನು ಇದೇ ವಾರ ಆ ಗೋಡೆಯಿಂದ ದೂರದ ಕೋಣೆಗೆ ಸಾಗಿಸಲು ಅಪ್ಪಣೆಯಾಯಿತು. ಆಕೆಯ ಕೆಲಸದ ಬಗ್ಗೆ ಕೇಳಿದ್ದಕ್ಕೆ, ಮಕ್ಕಳ ಬಗ್ಗೆ ಇಷ್ಟು ಕಾಳಜಿ ಇರುವವರನ್ನು ಕಳಿಸಿ ನಾನು ಯಾರನ್ನು ತರಲಿ ಎಂದರು.

ಹಿಂದಿನಿಂದ ಭಾವ ಉಸಿರು ಬಿಟ್ಟದ್ದು ನನ್ನ ಕಿವಿಗೆ ಕೇಳಿಸಿತು. ನಾನೂ ಲ್ಯಾಪ್‌ಟಾಪು ಮುಚ್ಚಲು ಕೈ ಹಾಕಿದೆ. ಹಸಿವು ಈಗ ನಿಜವಾಗಿ ಬಾಧಿಸುತ್ತಿತ್ತು.

"ಒಂದೇ ಒಂದು ನಿಮಿಷ," ಎಂದರು ದೊಡ್ಡ ಡಾಕ್ಟರು. "ನನಗೆ ಯಂತ್ರದ ವಿಷಯ ತಿಳಿಯಲ್ಲ. ಆದರೆ ನಮ್ಮಲ್ಲಿ ರಕ್ತ ಕೊಡೋ ಮುಂಚೆ ಗುಂಪು ಹೊಂದುತ್ತೋ ಇಲ್ವೋ ನೋಡ್ತೀವಿ. ನಿಮ್ಮ ಯಂತ್ರಗಳಲ್ಲಿ ಅಂಥ ತಪಾಸಣೆ ಇಲ್ವಾ?"

ಇತ್ತು. ಖಂಡಿತ ಇತ್ತು. ಮನೆ ಹೊಂದದಿದ್ದರೆ ದಾಟಿಸಲು ಬಿಡುವುದೇ ಇಲ್ಲ. ಗೆದ್ದ ಸಂಭ್ರಮದಲ್ಲಿ ನಾನು ಅದನ್ನು ಯೋಚಿಸಿಯೇ ಇರಲಿಲ್ಲ, ಥೂ ನನ್ನ ಬುದ್ಧಿಗಿಷ್ಟು. ಭಾವ ದಾಟಿಸಲು ಹೋದಾಗ ಅದು ಬೇಡ ಎನ್ನಬೇಕಿತ್ತು. ಎಂದಿಲ್ಲವೆಂದರೆ ಯಾರೋ ಅದನ್ನು ಕೆಲಸ ಮಾಡದಂತೆ ಆರಿಸಿದ್ದಾರೆ. ಬಾಡಿಗೆದಾರರ ಓಡಾಟದ ದಾಖಲೆ ಒಂದೇ ದಿನದ್ದು, ಆದರೆ ನಿಯಮ ಬದಲಿಸಿದವರ ದಾಖಲೆ ವರ್ಷವಿಡೀ ಇರುತ್ತದೆ. ಒಂದು ನಿಮಿಷ ಎಂದು ಹೇಳಿ ಅದನ್ನು ತೆರೆದೆ.

ಒಂದೇ ಸಾಲು ಇತ್ತು. ಹೊಂದಾಣಿಕೆಯ ತಪಾಸಣೆ ಆರಿಸಲಾಗಿದೆ. ಹನ್ನೊಂದು ವಾರಗಳ ಹಿಂದಿನ ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಆಸ್ಪತ್ರೆಯ ಹೊರಗಿನಿಂದ. ಆರಿಸಿದ ಖಾತೆ ನನ್ನದು.

ಆ ಸೋಮವಾರ ನನಗೆ ಚೆನ್ನಾಗಿ ನೆನಪಿದೆ. ಮೈ ಕೆಂಡವಾಗುವಂಥ ಜ್ವರ. ಅಕ್ಕನ ಮನೆಯ ಒಳಕೋಣೆಯಲ್ಲಿ ಮಾತ್ರೆ ನುಂಗಿ ಮಲಗಿದವಳಿಗೆ ಸಂಜೆಯವರೆಗೆ ಎಚ್ಚರವಿರಲಿಲ್ಲ. ನನ್ನ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ ತೆರೆದೇ ಇತ್ತು.

"ಯಾರು ಅಂತ ಇದೆಯಾ?" ದೊಡ್ಡ ಡಾಕ್ಟರು ಕೇಳಿದರು. ಪರದೆ ಅವರ ಕಡೆ ತಿರುಗಿರಲಿಲ್ಲ.

ನನ್ನ ಹೆಗಲ ಮೇಲಿಂದ ಬಗ್ಗಿದ ಭಾವ ಆ ಸಾಲನ್ನು ಓದಿದರು. ಎರಡು ಸಲ ಓದಿದರು. ನಾನು ಬಾಯಿ ತೆರೆಯುವುದರೊಳಗೆ ಅವರ ಕೈ ನನ್ನ ಹೆಗಲನ್ನು ಅದುಮಿತು.

"ಅದನ್ನ ಆರಿಸಿದ್ದು ನಾನೇ ಮೇಡಂ," ಎಂದರು ಭಾವ. "ಬೇಕು ಅಂತಲೇ ಆರಿಸಿದ್ದು."

ಆ ಸೋಮವಾರ ಬೆಳಿಗ್ಗೆ ಭಾವ ಇದೇ ಆಸ್ಪತ್ರೆಯಲ್ಲಿ ಕೆಲಸದ ಮೇಲಿದ್ದರು. ಮನೆಯಲ್ಲಿ ಎಚ್ಚರವಾಗಿದ್ದವಳು ನನ್ನ ಅಕ್ಕ ಒಬ್ಬಳೇ.

ದೊಡ್ಡ ಡಾಕ್ಟರು ಹರಿದ ಕಾಗದದ ಚೂರುಗಳನ್ನು ಪಕ್ಕಕ್ಕೆ ಸರಿಸಿ, ಒಂದು ಹೊಸ ಹಾಳೆ ತೆಗೆದುಕೊಂಡು, ಪೆನ್ನಿನ ಮುಚ್ಚಳ ಬಿಚ್ಚಿದರು.